ಸಾರನಾಥನ್ ತಲೆಯಾಡಿಸಿದ ದಿನ

ಬೆಳಿಗ್ಗೆ ಏಳಕ್ಕೆ ಕೆಳಮನೆಯ ಕೋಮಳವಲ್ಲಿ ಮಾಮಿ ಕಾಫಿಪುಡಿ ಕೇಳಲು ಬಂದಾಗ ಸಾರನಾಥನ್ ಸುಮ್ಮನೆ ತಲೆಯಾಡಿಸಿಬಿಟ್ಟರು. ಆಗಿದ್ದೆಲ್ಲ ಅದರಿಂದಲೇ.

ಇಪ್ಪತ್ತೆರಡು ವರ್ಷಗಳಿಂದ ಮಾರ್ಗಳಿ ತಿಂಗಳ, ಅಂದರೆ ಧನುರ್ಮಾಸದ, ಸಂಗೀತೋತ್ಸವದಲ್ಲಿ ಅವರದು ಮಧ್ಯಾಹ್ನ ಹನ್ನೆರಡರ ಹಾಡುಗಾರಿಕೆ ಕಛೇರಿ. ಆ ಹೊತ್ತಿಗೆ ಮೈಲಾಪುರದ ರಸಿಕರೆಲ್ಲ ಸಂಗೀತ ಸಭೆಯ ಕ್ಯಾಂಟೀನಿನಲ್ಲಿ ಎಲೆಯ ಮುಂದಿರುತ್ತಾರೆ. ಒಳಗಿರುವುದು ಏಸಿಯ ತಂಪಿಗೆ ನಿದ್ದೆ ಮಾಡಲು ಬಂದ ಏಳೆಂಟು ಜನ. ಈ ವರ್ಷ ಮೊದಲ ಸಲ ಸಂಜೆ ಆರೂವರೆಯ ವೇದಿಕೆ ಸಿಕ್ಕಿತ್ತು. ಆ ಸಂಭ್ರಮಕ್ಕೆ ವಾರವಿಡೀ ಅಭ್ಯಾಸ ಮಾಡಿದ್ದೇ ಹೆಚ್ಚಾಗಿ, ಕಛೇರಿಯ ದಿನವೇ ಗಂಟಲು ತುಕ್ಕು ಹಿಡಿದ ಗೇಟಿನಂತೆ ಕಿರುಗುಟ್ಟಿತು. ಡಾಕ್ಟರಿಗೆ ಫೋನ್ ಮಾಡಿದರು. ಅವರ ‘ಹಲೋ’ ಕೇಳಿದ ಡಾಕ್ಟರು, “ಸಾಕು, ಗೊತ್ತಾಯ್ತು. ಸಂಜೆ ಆರರವರೆಗೆ ಒಂದಕ್ಷರ ಕೂಡದು, ಪಿಸುಮಾತೂ ಬೇಡ,” ಎಂದು ಇಟ್ಟುಬಿಟ್ಟರು. ಹೆಂಡತಿ ತಮ್ಮ ತಂಗಿಯ ಮಗಳ ಬಳೆಶಾಸ್ತ್ರಕ್ಕೆಂದು ಕುಂಭಕೋಣಕ್ಕೆ ಹೋಗಿದ್ದರು.

“ಏನ್ ಮಾಮಾ, ಮಾತೇ ಇಲ್ಲ? ಮೌನವ್ರತವಾ?” ಎಂದರು ಮಾಮಿ.

ಅಷ್ಟೂ ಕತೆಯನ್ನು ಕೈಸನ್ನೆಯಲ್ಲಿ ಹೇಳುವುದಕ್ಕಿಂತ ಹೌದೆನ್ನುವುದು ಸುಲಭವೆಂದು ಸಾರನಾಥನ್ ತಲೆಯಾಡಿಸಿದರು. ಮಾಮಿ ಕೈಮುಗಿದು, ಕಾಫಿಪುಡಿಯನ್ನೂ ಮರೆತು, ಕೆಳಗಿಳಿದರು.

ಮೌನವ್ರತದವರು ತಲೆಯಾಡಿಸಿದ್ದು ಹುಸಿಯಾಗದೆಂದು ನಂಬಿ, ಅರ್ಧ ಗಂಟೆಯಲ್ಲಿ ಕೋಮಳವಲ್ಲಿ ಮಾಮಿಯ ಜೊತೆ ಆರು ಮಾಮಿಯರು ಬಂದರು. ಒಬ್ಬರು ಮುಂದೆ ಬಂದು, “ಮಾಮಾ, ನಮ್ಮ ವೈದೇಹಿಗೆ ಸಂಕ್ರಾಂತಿ ಕಳೆದು ಬರೋ ತೈ ತಿಂಗಳೊಳಗೆ ಮದುವೆ ಕೂಡಿಬರತ್ತಾ?” ಎಂದು ಕೇಳಿದರು.

ನನಗೇನು ಗೊತ್ತು ಎಂಬಂತೆ ಸಾರನಾಥನ್ ತಲೆಯನ್ನು ಅಡ್ಡಡ್ಡ ಆಡಿಸಿದರು. ವೈದೇಹಿಯ ತಾಯಿ ಗೊಳೋ ಎಂದು ಅತ್ತರು. ಗಾಬರಿಯಾಗಿ ಇವರು ಅದೇ ತಲೆಯನ್ನು ಮೇಲೆ ಕೆಳಗೆ ಜೋರಾಗಿ ಆಡಿಸಿದರು.

“ನೋಡಿದ್ರಾ?” ಎಂದರು ಕೋಮಳವಲ್ಲಿ ಮಾಮಿ. “ಹಣೇಲಿ ಇರ್ಲಿಲ್ಲ. ಮಾಮಾನೇ ತಿದ್ದಿ ಬರೆದ್ರು.”

ಸಾರನಾಥನ್ ಪೆನ್ನು ಹುಡುಕಿ, ‘ಗಂಟಲು ಕೆಟ್ಟಿದೆ, ಹೋಗಿ’ ಎಂದು ಚೀಟಿ ಬರೆದುಕೊಟ್ಟರು. ಅವರ ಅಕ್ಷರ ಇರುವೆ ಶಾಯಿ ಕುಡಿದು ನಡೆದಂತೆ. ಮಾಮಿ ಚೀಟಿಯನ್ನು ನೆಟ್ಟಗೆ, ತಲೆಕೆಳಗೆ, ಎರಡೂ ರೀತಿ ಹಿಡಿದು ನೋಡಿ, “ಹಳೇ ಗ್ರಂಥಲಿಪಿ ಕಣ್ರೀ, ನಮ್ಮಂಥವರಿಗೆ ಓದಕ್ಕಾಗಲ್ಲ,” ಎಂದು ಕಣ್ಣಿಗೊತ್ತಿಕೊಂಡು ದೇವರ ಗೂಡಿನಲ್ಲಿಟ್ಟರು.

ಹತ್ತರ ಸುಮಾರಿಗೆ ಫ್ಲಾಟುಗಳ ಸಂಘದ ಅಧ್ಯಕ್ಷ ಪಟ್ಟಾಭಿರಾಮನ್ ನಾಲ್ಕಾರು ಮನೆಯವರೊಂದಿಗೆ ಬಂದರು. ಬೋರ್‌ವೆಲ್ ಲಾರಿ ಎರಡು ದಿನದಿಂದ ಅಂಗಳದಲ್ಲಿ ನಿಂತಿತ್ತು. ಎಲ್ಲಿ ಕೊರೆಯಬೇಕೆಂದು ಹದಿನಾರು ಮನೆಗಳಿಗೆ ಹದಿನಾರು ಅಭಿಪ್ರಾಯ.

“ನೀವೇ ಹೇಳ್ಬಿಡಿ ಸಾರ್, ಎಲ್ಲಿ ಕೊರೆಸೋಣ?”

ಸಾರನಾಥನ್‌ಗೆ ಸಹನೆ ಮುಗಿದಿತ್ತು. ಮೊದಲು ಇಲ್ಲಿಂದ ತೊಲಗಿ ಎಂಬಂತೆ ಕೈಚಾಚಿ ಕಿಟಕಿಯ ಹೊರಗೆ ಬೆರಳು ತೋರಿಸಿದರು. ಎಲ್ಲರೂ ಕಿಟಕಿಗೆ ಮುಗಿಬಿದ್ದರು. ಬೆರಳಿನ ನೇರಕ್ಕೆ ಕೆಳಗಿದ್ದದ್ದು ಪಟ್ಟಾಭಿರಾಮನ್ ಹೋದ ತಿಂಗಳಷ್ಟೇ ಕಟ್ಟಿಸಿದ ಕಾರ್ ಶೆಡ್ಡು.

“ನನ್ ಶೆಡ್ಡಾ?” ಎಂದು ಅವರು ಕುರ್ಚಿಯಲ್ಲಿ ಕುಸಿದರು.

“ಮಾಮಾ ತೋರಿಸಿದ ಮೇಲೆ ಮುಗೀತು,” ಎಂದರು ಉಳಿದವರು.

ಹನ್ನೊಂದಕ್ಕೆ ಶೆಡ್ಡು ಉರುಳಿತು. ಆಮೇಲೆ ಕೊರೆಯುವ ಯಂತ್ರದ ಆರ್ಭಟಕ್ಕೆ ಸಾರನಾಥನ್‌ರ ತಂಬೂರಿ ಗೋಡೆಯ ಮೇಲೆ ತಾನಾಗಿಯೇ ಝೇಂಕರಿಸತೊಡಗಿತು. ಮೂರೂವರೆಗೆ ನೀರು ಚಿಮ್ಮಿ ಎರಡನೇ ಮಹಡಿಯಲ್ಲಿ ಒಣಹಾಕಿದ್ದ ಸೀರೆಗಳೆಲ್ಲ ಒದ್ದೆಯಾದವು. ಸಂಜೆ ಸಾರನಾಥನ್ ರೇಷ್ಮೆ ಪಂಚೆಯುಟ್ಟು ಹೊರಟಾಗ ಇಡೀ ಬೀದಿ ಹಿಂದೆ ನಡೆದುಬಂತು.

ಸಭೆಯಲ್ಲಿ ಮೆಟ್ಟಿಲ ಮೇಲೂ ಕೂರಲು ಜಾಗವಿರಲಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆಯೂ ಕುರ್ಚಿ ಬಿಟ್ಟು ಏಳದಿದ್ದ ಕಾರ್ಯದರ್ಶಿ ನಟೇಶನ್ ಬಾಗಿಲಿಗೇ ಬಂದು ಹಾರ ಹಾಕಿದರು. “ಏನ್ ಸಾರ್ ಇದು, ಕ್ಯಾಂಟೀನಲ್ಲಿ ಒಂದು ನರಪಿಳ್ಳೆ ಇಲ್ಲ. ಅಡೆ ದೋಸೆ ಎಲ್ಲ ಹಾಗೇ ಆರ್ತಾ ಕೂತಿದೆ.”

ಸಾರನಾಥನ್‌ರ ಕಣ್ಣು ತುಂಬಿತು. ವೇದಿಕೆಯಲ್ಲಿ ಕೂತು, ಕಣ್ಣು ಮುಚ್ಚಿ, ಷಡ್ಜ ಹಿಡಿದರು. ದಿನವಿಡೀ ವಿಶ್ರಾಂತಿ ಪಡೆದ ಕಂಠ ಕಾಸಿದ ತುಪ್ಪದಂತೆ ಹರಿಯಿತು. ಅಂಥ ಸ್ವರ ಅವರಿಗೆ ಜನ್ಮದಲ್ಲಿ ಬಂದಿರಲಿಲ್ಲ.

ಮುಂದಿನ ಸಾಲಿನಿಂದ ಕೋಮಳವಲ್ಲಿ ಮಾಮಿಯ ಕೂಗು ಕೇಳಿತು. “ಅಯ್ಯೋ, ಮಾಮಾ ಬಾಯಿ ಬಿಟ್ಬಿಟ್ರು.”

“ಅದು ಹಾಡು ಮಾಮಿ, ಮಾತಲ್ಲ,” ಎಂದರು ಪಕ್ಕದವರು.

“ಎರಡೂ ಬರೋದು ಅದೇ ಬಾಯಿಂದ ತಾನೆ? ವ್ರತ ಮುರೀತು.”

“ಹಾಗಾದ್ರೆ ನಮ್ಮ ವೈದೇಹಿ ಗತಿ?” ಎಂದು ತಾಯಿ ಎದ್ದರು.

“ನೀರು ನಿಂತುಹೋದ್ರೆ ನನ್ ಶೆಡ್ಡು ಯಾರು ಕಟ್ಟಿಸ್ಕೊಡ್ತಾರೆ?” ಎಂದು ಪಟ್ಟಾಭಿರಾಮನ್ ಬಾಗಿಲಿಗೆ ಓಡಿದರು. ಅವರ ಹಿಂದೆ ಬೀದಿ ಓಡಿತು; ಬೀದಿಯ ಹಿಂದೆ, ಏನಾಯಿತೆಂದು ತಿಳಿಯದ ಉಳಿದವರೆಲ್ಲ ಓಡಿದರು.

ಆಲಾಪನೆ ಮುಗಿಸಿ ಸಾರನಾಥನ್ ಕಣ್ಣು ತೆರೆದಾಗ ಸಭಾಂಗಣದಲ್ಲಿದ್ದವರು ಏಳು ಜನ. ಅವರಲ್ಲಿ ನಾಲ್ವರಿಗೆ ನಿದ್ದೆ ಬಂದಿತ್ತು. ಆದರೂ ಎರಡು ಗಂಟೆ ಬಿಡದೆ ಹಾಡಿ, ಮಂಗಳ ಹೇಳಿ ಎದ್ದರು.

ನಟೇಶನ್ ಹತ್ತಿರ ಬಂದರು. “ಮುಂದಿನ ವರ್ಷವೂ ಸಂಜೆ ಆರೂವರೆ ನಿಮಗೇ ಸಾರ್. ಭಾನುವಾರವೇ ಕೊಡ್ತೀನಿ, ಪೂರ್ತಿ ಮೂರು ಗಂಟೆ ಹೊತ್ತು.”

“ನಿಜವಾ?” ಎಂದರು ಸಾರನಾಥನ್.

“ಹಾಲ್ ತುಂಬಿಸಿದೋರು ನೀವು, ನಾನು ಕಣ್ಣಾರೆ ನೋಡಿದ್ನಲ್ಲ, ನಿಮ್ಮ ಬೀದಿಯವರು ಎಲ್ಲಾ ಹೇಳಿದ್ರು. ಒಂದೇ ಒಂದು ಕೋರಿಕೆ. ಹಾಡಕ್ಕೆ ಹೋಗ್ಬೇಡಿ. ಸುಮ್ನೆ ಕೂತ್ಕೊಂಡು ಜನ ಕೇಳಿದ್ದಕ್ಕೆ ತಲೆಯಾಡಿಸಿ, ಸಾಕು.”

ಸಾರನಾಥನ್‌ರ ಮೈಯೆಲ್ಲ ಉರಿಯಿತು. ತಕ್ಕ ಬೈಗುಳಕ್ಕಾಗಿ ಬಾಯಿ ತೆರೆದು ನಿಂತರು. ಎಂಟನೇ ವಯಸ್ಸಿನಿಂದ ಸಂಗೀತ ಬಿಟ್ಟು ಬೇರೇನನ್ನೂ ಕಲಿಯದ ಬಾಯಿ ಅದು. ಬೈಗುಳ ಬರುವುದು ಕೊಂಚ ತಡವಾಯಿತು. ಅಷ್ಟರಲ್ಲಿ ನಟೇಶನ್ ಡೈರಿಯಲ್ಲಿ ಹೆಸರು ಬರೆದುಕೊಂಡು, “ಮೌನ ಅಂದ್ರೆ ಒಪ್ಪಿದ ಹಾಗೇ, ನಿಮ್ಮ ಆಶೀರ್ವಾದ,” ಎಂದು ಅವರ ಕಾಲು ಮುಟ್ಟಿ ನಮಸ್ಕರಿಸಿ ಹೊರಟುಹೋದರು.