ಊಟವಾದ ಮೇಲೆ ಎರಡು ಫಕೀರಪ್ಪ

ನಮ್ಮ ಕಂಪ್ಯೂಟರ್ ಸರ್ ಮನೆಯಲ್ಲಿ ಹೆಸರಿಲ್ಲದ ಡಬ್ಬಿ ಒಂದೂ ಇರಲಿಲ್ಲ. ಉಪ್ಪಿನ ಡಬ್ಬಿ ಗಾಜಿನದು, ಉಪ್ಪು ಕಣ್ಣಿಗೆ ಕಾಣುತ್ತದೆ. ಆದರೂ ಮೇಲೊಂದು ‘ಉಪ್ಪು’ ಎಂಬ ಚೀಟಿ! ಮದುವೆಯಾಗದೆ ಒಬ್ಬರೇ ಇದ್ದ ಮನುಷ್ಯ, ಯಾರಿಗೆ ಗುರುತು ಸಿಗಲೆಂದು ಅಂಟಿಸಿದ್ದರೋ?

ನಾನು ಚಹಾದಂಗಡಿಯವನನ್ನು ‘ಕಾಕಾ’ ಎಂದರೂ ಅವರಿಗೆ ಆಗದು. “ಅಂವ ನಿನಗ ಕಾಕಾ ಹೆಂಗಾದ? ಅಂಗಡಿ ಮಾಲೀಕ ಅನ್ನು.”

ಇಂಥವರು ರಾಣೆಬೆನ್ನೂರಿನ ತಮ್ಮ ಮನೆಯ ಪಡಸಾಲೆಯಲ್ಲಿ ಪ್ರೋಗ್ರಾಮಿಂಗ್ ಕಲಿಸಿದರೆ ಏನಾದೀತು? ಊರಿನ ಹೆಸರಾಗಲಿ, ಮನುಷ್ಯನ ಹೆಸರಾಗಲಿ, ಕಂಪ್ಯೂಟರಿಗೆ ಅದು ಬರೀ ಅಕ್ಷರದ ಸಾಲು, ಅಂದರೆ ಸ್ಟ್ರಿಂಗ್. ಸರ್ ಮಾತ್ರ ಊರಿಗೊಂದು, ಹೆಸರಿಗೊಂದು, ಫೋನ್ ನಂಬರಿಗೊಂದು ಬೇರೆ ಬೇರೆ ‘ಟೈಪ್’, ಅಂದರೆ ಅದರದೇ ಒಂದು ವರ್ಗ, ಮಾಡಿಸುತ್ತಿದ್ದರು. ನಾಲ್ಕು ಸಾಲಿನ ಪ್ರೋಗ್ರಾಂ ನಲವತ್ತಾಗುತ್ತಿತ್ತು.

“ಬ್ಯಾಡಗಿಯಿಂದ ಬರ್ತಿ. ಅಲ್ಲಿ ಬ್ಯಾಡಗಿ ಮೆಣಸಿನಕಾಯಿ, ಗುಂಟೂರ ಮೆಣಸಿನಕಾಯಿ ಒಂದ ಚೀಲಕ್ಕ ತುಂಬತಾರೇನು?” ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಡಿಗ್ರಿಯಲ್ಲಿ ಡುಮ್ಕಿ ಹೊಡೆದಿದ್ದ ನನಗೆ ಹಾವೇರಿಯ ಡಾಕ್ಟರೊಬ್ಬರು ಔಷಧದ ಚೀಟಿ ಪ್ರಿಂಟ್ ಮಾಡುವ ಪ್ರೋಗ್ರಾಂ ಬರೆಯಲು ಹೇಳಿದರು. ಸರಿಹೋದರೆ ಅಲ್ಲೇ ನೌಕರಿ. ಇಲ್ಲದಿದ್ದರೆ ಕ್ಲಾಸ್ ಬಿಟ್ಟು ಮನೆಯಲ್ಲಿ ಕೂರಬೇಕೆಂದು ಅಪ್ಪ ಹೇಳಿಬಿಟ್ಟಿದ್ದರು. ಅವಸರಕ್ಕೆ ಟೈಪ್‌ಗಳನ್ನೆಲ್ಲ ಬಿಟ್ಟು ಬರೀ ಸ್ಟ್ರಿಂಗಿನಲ್ಲೇ ಬರೆದೆ. ಹಾವೇರಿಗೆ ಹೋಗುವ ಹಿಂದಿನ ದಿನ ಸರ್ ಒಂದು ಚೀಟಿ ಪ್ರಿಂಟ್ ತೆಗೆದು ಓದಿದರು:

“ರೋಗಿ: ಜ್ವರದ ಗುಳಿಗೆ. ಔಷಧ: ಫಕೀರಪ್ಪ. ಊಟವಾದ ಮೇಲೆ ಎರಡು.”

ಚೀಟಿ ಕಸಿದುಕೊಂಡು ನೋಡಿದೆ. ಎರಡು ಹೆಸರನ್ನು ಅದಲು ಬದಲು ಕೊಟ್ಟಿದ್ದೆ. ಎರಡೂ ಅಕ್ಷರದ ಸಾಲೇ ಆದ್ದರಿಂದ ಕಂಪ್ಯೂಟರ್ ಚಕಾರ ಎತ್ತಿರಲಿಲ್ಲ.

“ಒಬ್ಬ ಫಕೀರಪ್ಪನ್ನ ನುಂಗೂದ ಕಷ್ಟ ಐತಿ. ಇನ್ನೊಬ್ಬನ್ನ ಎಲ್ಲಿಂದ ತರೂಣವ್ವಾ?” ಎಂದರು ಸರ್. ಬೈಯಲಿಲ್ಲ. ಪಕ್ಕದಲ್ಲೇ ಕೂತು ರೋಗಿಗೊಂದು, ಔಷಧಕ್ಕೊಂದು ಟೈಪ್ ಮಾಡಿಸಿದರು. ಈಗ ಬೇಕೆಂದೇ ಅದಲು ಬದಲು ಮಾಡಿ ನೋಡಿದೆ. ತಕ್ಷಣ ಎರರ್ ಬಂತು. ಎರರ್ ನೋಡಿ ಅಷ್ಟು ಖುಷಿ ನನಗೆ ಮತ್ತೆಂದೂ ಆಗಿಲ್ಲ.

ಮರುದಿನ ಫ್ಲಾಪಿ ಹಿಡಿದು ಸರ್ ಕೂಡ ನನ್ನೊಂದಿಗೆ ಬಂದರು. ಚೀಟಿಗಳೆಲ್ಲ ಸರಿಯಾಗಿ ಬಂದವು. ಡಾಕ್ಟರು ನನಗೆ, “ನಾಳಿಂದ ಕೆಲಸಕ್ಕ ಬರ್ರಿ” ಎಂದರು. ಆಮೇಲೆ ಸರ್ ಕಡೆ ತಿರುಗಿ, “ಇವರು ನಿಮಗ ಏನಾಗಬೇಕ್ರಿ?” ಎಂದು ಕೇಳಿದರು.

“ಮಗಳ್ರಿ,” ಎಂದರು ಸರ್.

ಜನ್ಮದಲ್ಲಿ ಒಂದು ಡಬ್ಬಿಗೂ ತಪ್ಪು ಚೀಟಿ ಅಂಟಿಸದ ಮನುಷ್ಯ! ನನ್ನ ಕಣ್ಣು ತುಂಬಿತು. ಇವತ್ತು ನಾನು ತಿನ್ನುವ ಅನ್ನ ಅವರ ಆ ಹುಚ್ಚಿನಿಂದಲೇ ಬಂದದ್ದು. ವಾಪಸ್ ಬರುವಾಗ ಬಸ್ಸಿನಲ್ಲಿ ಧೈರ್ಯ ಮಾಡಿ ಕೇಳಿದೆ.

“ಸರ್, ನಾ ನಿಮಗ ಮಗಳು ಹೆಂಗಾದೆ?”

ಅವರು ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದರು, “ಎರರ್ ಬಂತೇನು?”

“ಇಲ್ರಿ.”

“ಹಂಗಾದ್ರ ಸರಿ ಐತಿ. ಸುಮ್ನ ಕುಂದ್ರು.”