ನೊಣದ ಮಿದುಳು, ಸಾರಿನಪುಡಿ ಡಬ್ಬಿ

ಹಿಂದೂಪುರದ ಶಾಲೆಯೊಂದರಲ್ಲಿ ನಾನು ಲೆಕ್ಕ ಮತ್ತು ವಿಜ್ಞಾನದ ಮೇಷ್ಟ್ರು. ಹಣ್ಣುನೊಣ ವಾಸನೆಯನ್ನು ಹೇಗೆ ಗುರುತಿಸುತ್ತದೆಂದು ಒಂಬತ್ತನೇ ತರಗತಿಗೆ ತೋರಿಸಲು ಹೊರಟ ಮೇಲೆ, ಅಂದುಕೊಂಡ ಹಾಗೆ ಒಂದು ದಿನವೂ ನಡೆದಿಲ್ಲ.

ಕರೆಂಟ್

ಕಂಪ್ಯೂಟರಿನಲ್ಲಿ ನೊಣದ ಮಿದುಳಿನ ಮಾದರಿ ಸಿದ್ಧಮಾಡಿದ್ದೆ. ನೊಣದ ತಲೆಯ ಮೇಲಿನ ಕುಡಿಮೀಸೆಗೆ ತಾಗಿದ ವಾಸನೆಯ ಸುದ್ದಿ ಬಹಳಷ್ಟು ನರಕೋಶಗಳಿಗೆ ಹಂಚಿಹೋಗುತ್ತದೆ. ಕೊನೆಗೆ ಎಚ್ಚರವಾಗಿ ಉಳಿಯುವುದು ಕೆಲವೇ. ಆ ಕೆಲವೇ ಆ ವಾಸನೆಯ ಗುರುತು. ಮುಖ್ಯೋಪಾಧ್ಯಾಯಿನಿ ನೋಡಲು ಬಂದು ಕೂತರು, ಕರೆಂಟ್ ಹೋಯಿತು.

"ಬಂದ ಮೇಲೆ ತೋರಿಸ್ತೀನಿ ಮೇಡಂ" ಅಂದೆ.

"ನೊಣ ಕರೆಂಟಿಗೆ ಕಾಯ್ತದಾ ಮೇಷ್ಟ್ರೇ?"

ಲೀಡರ್

ಹಾಗಾಗಿ ಮಕ್ಕಳನ್ನೇ ನರಕೋಶ ಮಾಡಿದೆ. ಮುಂದಿನ ಸಾಲಿನ ಎಂಟು ಮಂದಿ ಕೊಟ್ಟ ಪುಡಿಯನ್ನು ಕಣ್ಣು ಮುಚ್ಚಿ ಮೂಸಬೇಕು. ಕೊತ್ತಂಬರಿ, ಮೆಂತ್ಯ, ಇಂಗು ಹೀಗೆ ತಮ್ಮ ಪಾಲಿನ ಒಂದು ವಾಸನೆ ಅದರಲ್ಲಿ ಎಷ್ಟಿದೆಯೆಂದು ಅಂಕ ಹೇಳಬೇಕು. ಹಿಂದಿನ ಮೂವತ್ತು ಮಂದಿ, ಆ ಎಂಟರಲ್ಲಿ ಚೀಟಿ ಎತ್ತಿ ಸಿಕ್ಕ ಮೂವರ ಅಂಕ ಕೂಡಿಸಿ ಕೈ ಎತ್ತಬೇಕು. ಹೆಚ್ಚು ಅಂಕದ ನಾಲ್ಕು ಕೈ ಮಾತ್ರ ಉಳಿಯಬೇಕು. ಮಿಕ್ಕವರನ್ನು ಸುಮ್ಮನಾಗಿಸಲು ನೊಣದಲ್ಲಿ ಒಂದು ದೊಡ್ಡ ನರಕೋಶವಿದೆ. ಆ ಕೆಲಸವನ್ನು, ಗಲಾಟೆ ಮಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯುವ ಕ್ಲಾಸ್ ಲೀಡರ್ ಹುಡುಗಿಗೆ ಕೊಟ್ಟೆ.

ಗಂಟೆ ಹೊಡೆದಾಗ ಬೋರ್ಡಿನಲ್ಲಿ ಇಪ್ಪತ್ತಾರು ಹೆಸರಿದ್ದವು. ಇಪ್ಪತ್ತೇಳನೆಯದು ನನ್ನದು.

"ನೀವೂ ಮಾತಾಡ್ತಾನೇ ಇದ್ರಲ್ಲ ಸಾರ್."

ಡಬ್ಬಿ

ನನ್ನ ಹೆಂಡತಿ ತೀರಿಕೊಂಡು ಒಂದೂವರೆ ವರ್ಷ. ಅವಳು ಕುಟ್ಟಿಟ್ಟ ಸಾರಿನಪುಡಿಯ ಡಬ್ಬಿ ಅಡುಗೆಮನೆಯಲ್ಲಿದೆ. ಅದು ಮುಗಿಯುವ ದಿನವನ್ನು ನೆನೆದರೇ ಭಯವಾಗುತ್ತಿತ್ತು. ದಿನಕ್ಕೆ ಒಂದೇ ಚಮಚ, ಬೆರಳಿನಿಂದ ಮಟ್ಟ ಮಾಡಿ. ತಳ ಕಂಡೀತೆಂದು ಒಳಗೆ ನೋಡುತ್ತಿರಲಿಲ್ಲ. ಮುಖ ತಿರುಗಿಸಿಕೊಂಡೇ ಚಮಚ ಇಳಿಸುತ್ತಿದ್ದೆ.

ಕಲ್ಯಾಣದುರ್ಗದಿಂದ ನಾದಿನಿ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು, ಅಡುಗೆಮನೆ ಒಪ್ಪಮಾಡಿ, ತಾನು ಕುಟ್ಟಿದ ಪುಡಿಯ ಪೊಟ್ಟಣವನ್ನೂ ಕೊಡುತ್ತಾಳೆ.

"ಚೆನ್ನಾಗೈತೆ ಕಣಮ್ಮ. ಆದ್ರೆ ನಿಮ್ಮಕ್ಕನ ಪುಡಿ ಘಮವೇ ಬೇರೆ" ಅನ್ನುತ್ತಿದ್ದೆ. ಅವಳು ಎದುರಾಡುತ್ತಿರಲಿಲ್ಲ.

ಆ ವ್ಯತ್ಯಾಸವನ್ನು ನೊಣದ ಮಾದರಿ ತೋರಿಸಿಕೊಡುತ್ತದೆಂದು ಎರಡನ್ನೂ ತರಗತಿಗೆ ಒಯ್ದೆ. ಡಬ್ಬಿಯ ಪುಡಿಗೆ ನಾಲ್ಕು ಕೈ ಉಳಿದವು. ಪೊಟ್ಟಣದ ಪುಡಿಗೆ ಅದೇ ನಾಲ್ಕು. ಅಂಗಡಿಯ ಪುಡಿ ಮೂಸಿಸಿದೆ, ಬೇರೆ ನಾಲ್ಕು. ಮತ್ತೆ ಮೊದಲಿನಿಂದ ಮಾಡಿಸಿದೆ. ಕಂಪ್ಯೂಟರಿಗೂ ಅಂಕ ತುಂಬಿದೆ. ಅದೇ ಉತ್ತರ.

"ನೊಣ ಸರಿಯಾಗೇ ಐತೆ ಸಾರ್" ಅಂದಳು ಲೀಡರ್. "ನಿಮ್ಗೇ ಡೌಟು."

ಸಂಜೆ ನಾದಿನಿಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ಅವಳು ನಕ್ಕಳು.

"ಅಕ್ಕನ ಪುಡಿ ಮೂರೇ ತಿಂಗ್ಳಿಗೆ ಮುಗ್ದೋಯ್ತು ಭಾವ. ಬಂದಾಗೆಲ್ಲ ನಾನೇ ಡಬ್ಬಿ ತುಂಬ್ಸಿಟ್ಟು ಬತ್ತೀನಿ. ಅಕ್ಕ ಕಲಿಸಿದ ಹಂಗೇ ಕುಟ್ಟೋದು ನಾನು. ಲೆಕ್ಕದ ಮೇಷ್ಟ್ರು ನೀವು. ದಿನಕ್ಕೊಂದು ಚಮಚ ತೆಗೆದ್ರೆ ಅಷ್ಟು ಸಣ್ಣ ಡಬ್ಬಿ ಒಂದೂವರೆ ವರ್ಷ ಬತ್ತೈತಾ?"

ಅಂದು ಮೊದಲ ಸಲ ಡಬ್ಬಿಯೊಳಗೆ ನೋಡಿದೆ. ಕಂಠಮಟ್ಟ ತುಂಬಿತ್ತು. ಸಾರಿಗೆ ಎರಡು ಚಮಚ ಹಾಕಿದೆ.