ನರ ಮೆಚ್ಚುವ ಮಾಮಾ

ನನ್ನ ಸೋದರಮಾವನ ಕೈ ಕುಲುಕುವ ಮುನ್ನ ಒಮ್ಮೆ ವಿಚಾರ ಮಾಡಿ! ಹಿಡಿದ ಕೈಯನ್ನು ಅವರು ಸುಲಭಕ್ಕೆ ಬಿಡುವುದಿಲ್ಲ. ತಿರುಗಿಸಿ, ಹೆಬ್ಬೆರಳಿನಿಂದ ಒತ್ತಿ, ನಿಮ್ಮ ನರ ನೋಡುತ್ತಾರೆ. ಬಾಗಲಕೋಟೆಯಲ್ಲಿ ಅರಿವಳಿಕೆ ಡಾಕ್ಟರು. ಜನ ಮುಖ ನೆನಪಿಟ್ಟರೆ ಇವರು ನರ ನೆನಪಿಡುತ್ತಾರೆ!

ಅಣ್ಣನಿಗೆ ಹೆಣ್ಣು ನೋಡಲು ಇಳಕಲ್ಲಿಗೆ ಹೋಗಿದ್ದೆವು. ಹುಡುಗಿ ಚಹಾ ತಂದಳು. ನಾವೆಲ್ಲ ಮುಖ ನೋಡುತ್ತಿದ್ದರೆ ಮಾಮಾ ಮುಂಗೈ ನೋಡಿ, "ಆಹಾ, ಏನ್ ಛಂದ ನರ ಅದಾವ್ರಿ! ಕಣ್ಣು ಮುಚ್ಚಿ ಸೂಜಿ ಹಾಕಬಹುದು!" ಎಂದುಬಿಟ್ಟರು.

"ನಮ್ಮ ಹುಡುಗಿಗೆ ಏನೂ ಜಡ್ಡಿಲ್ರಿ!" ಎಂದು ಅವಳಪ್ಪ ಎದ್ದು ನಿಂತರು. ಪುಣ್ಯಕ್ಕೆ ಹುಡುಗಿ ನಕ್ಕಳು, ಸಂಬಂಧ ಉಳಿಯಿತು. ಇಂದಿಗೂ ಮಾಮಾ ಬಂದರೆ, ಅಣ್ಣನ ಹೆಂಡತಿಯಾಗಿ ಬಂದ ನಮ್ಮ ವೈನಿ ಸೆರಗಿನೊಳಗೆ ಕೈ ಮುಚ್ಚಿಕೊಳ್ಳುತ್ತಾರೆ.

ಅಮೀನಗಡದಲ್ಲಿ, ಗೋಡಂಬಿ-ಬಾದಾಮಿ ತುಂಬಿದ ಕರದಂಟಿನ ಅಂಗಡಿ ಮುಂದೆ ನಿಂತು, "ಸಣ್ಣ ಕೂಸಿಗೆ ಗಟ್ಟಿ ಕಾಳು ತಿನಿಸಬ್ಯಾಡ್ರಿ!" ಎಂದು ಭಾಷಣ ಮಾಡಿದವರೂ ಇವರೇ. ಅಂಗಡಿಯವ ಕೈಮುಗಿದ: "ಸಾಹೇಬ್ರ, ಒಂದು ಕಿಲೋ ಪುಕ್ಕಟ ಕೊಡ್ತೇನಿ, ಮುಂದಿನ ಅಂಗಡಿಗೆ ಹೋಗ್ರಿ!"

ಅಂದು ಬಿದ್ದು ಬಿದ್ದು ನಕ್ಕವಳು ನಾನು. ಹೋದ ವರ್ಷ ನನ್ನ ಎರಡು ವರ್ಷದ ಮಗಳೇ ಬಾಯಲ್ಲಿ ಶೇಂಗಾ ಇಟ್ಟುಕೊಂಡು ಓಡಿ ಎಡವಿದಳು, ಕಾಳು ಶ್ವಾಸನಾಳಕ್ಕೆ ಇಳಿಯಿತು! ಪ್ರತಿ ಉಸಿರಿಗೂ ಎದೆ ಸುಂಯ್‌ಗುಟ್ಟುತ್ತಿತ್ತು. ಎತ್ತಿಕೊಂಡು ಮಾಮಾನ ಆಸ್ಪತ್ರೆಗೆ ಓಡಿದೆವು.

ಕಾಳು ತೆಗೆಯಬೇಕಾದ ಗಂಟಲು ಡಾಕ್ಟರಿಗೆ ಅವಸರ. "ಗುಂಡಗುಂಡನ ಕೈ, ನರ ಕಾಣವಲ್ವು. ಮುಖಕ್ಕ ಗ್ಯಾಸ್ ಹಿಡಿದು ಮಲಗಿಸಿಬಿಡ್ರಿ," ಎಂದರು.

ಮಾಮಾ ಜಗ್ಗಲಿಲ್ಲ. "ನೀವು ಗಂಟಲದಾಗ ನಳಗಿ ಇಳಿಸಿದ ಮ್ಯಾಲೆ ಗ್ಯಾಸ್ ಹೊರಗ ಸೋರಿ ಅರ್ಧ ಕೂಸಿಗೆ, ಅರ್ಧ ನಿಮಗ! ಕೂಸು ನಡುವ ಎಚ್ಚರಾಗಿ ಕೆಮ್ಮಿದ್ರ ಏನ್ ಮಾಡೋಣು? ನೀವ ಮಲಗಿಬಿಟ್ರ ಕಾಳು ತಗಿಯಾವ್ರು ಯಾರ್ರಿ? ನರದಾಗ ಹೋದ ಔಷಧಿಗೆ ಗಂಟಲದ ಹಂಗಿಲ್ಲ."

ಆದರೆ ಚುಚ್ಚಿದಾಗ ಮಗು ಅತ್ತರೆ ಕಾಳು ಸರಿದು ಉಸಿರೇ ಕಟ್ಟಬಹುದು. ಅದಕ್ಕೇ ಅವಳನ್ನು ನನ್ನ ತೊಡೆಯ ಮೇಲೆ ಕೂರಿಸಿ, ಮುಂಗೈಗೆ ನೋವು ತಿಳಿಯದ ಮುಲಾಮು ಹಚ್ಚಿ ಕಾದರು. ಆಮೇಲೆ ಬೆಚ್ಚನೆಯ ಬಟ್ಟೆ ಸುತ್ತಿ, ನೆಲದ ಮೇಲೆ ಮಂಡಿಯೂರಿ, "ನರಪ್ಪಾ, ಹೊರಗ ಬಾರೋ, ನಮ್ಮ ಪುಟ್ಟವ್ವ ಕರಿಯಾಕತ್ತಾಳ!" ಎಂದು ಶುರು ಮಾಡಿದರು. ಇಂಥ ದೊಡ್ಡ ಡಾಕ್ಟರು! ಮಗಳು ಕಣ್ಣರಳಿಸಿ ಅವರನ್ನೇ ನೋಡುತ್ತಿದ್ದಳು. ಸೂಜಿ ಹೋದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಮಾಮಾ ಅವಳನ್ನೆತ್ತಿಕೊಂಡು ಒಳಗೆ ಹೋದರು.

ಬಾಗಿಲು ಮುಚ್ಚಿತು. ಗೋಡೆಗೊರಗಿ ನಿಂತೆ. ಒಳಗಿನ ಸದ್ದಿಗೇ ಕಿವಿಗೊಟ್ಟಿದ್ದೆ.

ಎಷ್ಟು ಹೊತ್ತಾಯಿತೋ, ಮಾಮಾ ಹೊರಬಂದರು. ಅಂಗೈಯಲ್ಲಿ ಆ ಶೇಂಗಾ ಕಾಳು.

"ಬಂತವಾ. ಮಗಳು ಛಂದಂಗ ಉಸಿರಾಡಾಕತ್ತಾಳ," ಎಂದರು. ನನ್ನ ಮುಖ ನೋಡಿದ್ದೇ ಅವರ ಕಣ್ಣೂ ತುಂಬಿ ಬಂದವು. ತಲೆ ಸವರಿ ಮೆಲ್ಲಗೆ ಹೇಳಿದರು:

"ಈಗ ನೀನೂ ಉಸಿರು ಬಿಡು, ನನ್ನವ್ವಾ."